ಎಡಸಾಲಿನ ಗೂಡುಗಳು

ಭಾವ ಬ್ರೇಕ್ ಒತ್ತಲಿಲ್ಲ. ಕಾಯಿಲೆ ಶುರುವಾದದ್ದು ಅಲ್ಲಿಂದ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಅದಕ್ಕೂ ಬಹಳ ಮೊದಲೇ ಶುರುವಾಗಿತ್ತು ಎಂದು ನನಗೆ ಗೊತ್ತು. ಆದರೆ ಮನೆಯವರ ಮಾತಿಗೆ ತಿದ್ದುಪಡಿ ತರುವ ಚಾಳಿಯನ್ನು ಈಚೆಗೆ ಕಡಿಮೆ ಮಾಡಿಕೊಂಡಿದ್ದೇನೆ.

ಅಕ್ಕನ ಗಂಡ ಕಾರು ಓಡಿಸಲು ಕಲಿಸುವವರು. ಅವರ ಕಾರಿನಲ್ಲಿ ಕಲಿಯುವವರಿಗೊಂದು ಬ್ರೇಕ್, ಪಕ್ಕದ ಸೀಟಿನಲ್ಲಿ ಅವರಿಗೇ ಇನ್ನೊಂದು. ವರ್ಷಗಟ್ಟಲೆ ಆ ಇನ್ನೊಂದು ಬ್ರೇಕಿನ ಮೇಲೆಯೇ ಅವರ ಕಾಲು ಇತ್ತು. ನನಗೂ ಕಲಿಸಲು ಹೋಗಿ ಕೈಮುಗಿದಿದ್ದರು. “ನಮ್ಮ ನಾದಿನಿಗೆ ಮಿದುಳಿನೊಳಗಿನ ದಾರಿಯೆಲ್ಲ ಗೊತ್ತು, ಪೇಟೆಗೆ ಹೋಗೋ ದಾರಿ ಮಾತ್ರ ಗೊತ್ತಿಲ್ಲ” ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಒಂದು ದಿನ ಕಲಿಯುವವಳೊಬ್ಬಳು ಕಾರನ್ನು ನೇರ ಬ್ಯಾಂಕಿನ ಗೋಡೆಯತ್ತ ಬಿಟ್ಟಾಗ ಭಾವ ಗೋಡೆಯನ್ನೇ ನೋಡುತ್ತಾ ಸುಮ್ಮನೆ ಕೂತಿದ್ದರು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. “ಗೋಡೆ ಕಾಣಿಸ್ತು, ಕಾಲಿಗೆ ಹೇಳೋದು ಮರ್ತುಹೋಯ್ತು” ಎಂದರು ಮನೆಗೆ ಬಂದು. ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಆಮೇಲೆ ಶರ್ಟಿನ ಗುಂಡಿಗಳು ತಪ್ಪತೊಡಗಿದವು. ಮೆಟ್ಟಿಲು ಇಳಿಯುವಾಗ ಕೊನೆಯ ಮೆಟ್ಟಿಲಾದ ಮೇಲೂ ಇನ್ನೊಂದಿದೆ ಎಂದು ಕಾಲು ತಡಕಾಡತೊಡಗಿತು. ನರಗಳ ಡಾಕ್ಟರು ತಲೆಯ ಚಿತ್ರ ತೆಗೆಸಿದರು, ಬೆನ್ನಿನಿಂದ ನೀರು ತೆಗೆಸಿದರು, ಕಾಯಿಲೆಯ ಹೆಸರು ಹೇಳಿದರು. ಆ ಹೆಸರು ಕೇಳಿ ಅಕ್ಕ ಆಸ್ಪತ್ರೆಯ ಅಂಗಳದಿಂದಲೇ ನನಗೆ ಫೋನ್ ಮಾಡಿದಳು.

“ಪ್ರಿಯಾನ್ ಅಂದ್ರು ಕಣೆ. ನಿನ್ನ ಲ್ಯಾಬಿನ ಇಲಿಗಳದ್ದು ತಾನೆ ಅದು?”

ಹೌದು ಎಂದೆ.

“ನಿನ್ನಿಂದ ಬಂತಾ?”

“ಇಲ್ಲ ಅಕ್ಕ. ನಮ್ಮದು ಇಲಿಗಳಿಗೇ ಒಗ್ಗಿಸಿದ್ದು. ಭಾವನ ನಮೂನೆಯೇ ಬೇರೆ. ಆ ಕೋಣೆಯಿಂದ ನಾವು ಒಂದು ಪೆನ್ನನ್ನೂ ಹೊರಗೆ ತರಲ್ಲ.”

“ಕೇಳಿದ್ದಕ್ಕೆ ಬೇಜಾರು ಮಾಡ್ಕೋಬೇಡ” ಎಂದಳು. ಬೇಜಾರಾಗಿತ್ತು. ಆದರೆ ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

ಈ ಕಾಯಿಲೆಗೆ ಕ್ರಿಮಿಯಿಲ್ಲ, ವೈರಸ್ಸಿಲ್ಲ. ಎಲ್ಲರ ಮಿದುಳಿನಲ್ಲೂ ಇರುವ ಒಂದು ಪ್ರೋಟೀನು ಎಲ್ಲೋ ತಪ್ಪಾಗಿ ಮಡಚಿಕೊಳ್ಳುತ್ತದೆ. ಪಕ್ಕದ್ದಕ್ಕೂ ಹಾಗೇ ಮಡಚಿಕೊಳ್ಳಲು ಕಲಿಸುತ್ತದೆ, ಅದು ಅದರ ಪಕ್ಕದ್ದಕ್ಕೆ. ಸಹವಾಸದೋಷ ಎನ್ನುತ್ತಾರಲ್ಲ, ಅದೇ. ಕುದಿಸಿದರೆ ಸಾಯುವುದಿಲ್ಲ, ಸಾಯಲು ಅದಕ್ಕೆ ಜೀವವೇ ಇಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯನ್ನು ನಾವು ನಮ್ಮ ಉಪಕರಣಗಳನ್ನು ಕ್ಷಾರದ ನೀರಿನಲ್ಲಿ ಮುಳುಗಿಸಿಡುವಾಗಲೆಲ್ಲ ನೆನೆಯುತ್ತೇವೆ. ಕೊನೆಗೆ ಮಿದುಳು ತುಂಬ ಸಣ್ಣ ಸಣ್ಣ ತೂತುಗಳಾಗುತ್ತವೆ, ನರಕೋಶಗಳು ಸಾಯುತ್ತವೆ. ಮದ್ದಿಲ್ಲ.

ನನ್ನ ಕೆಲಸ ಆ ಹೊತ್ತಿನಲ್ಲಿ ಮಿದುಳಿನ ಉಳಿದ ಕೋಶಗಳು ಏನು ಮಾಡುತ್ತವೆ ಎಂದು ನೋಡುವುದು. ಮಿದುಳಿನಲ್ಲಿ ನರಕೋಶಗಳಷ್ಟೇ ಅಲ್ಲ, ಅವುಗಳಿಗೆ ಉಣಿಸುವ ನಕ್ಷತ್ರದಾಕಾರದ ಕೋಶಗಳಿವೆ, ಕಸ ಗುಡಿಸುವ ಕಾವಲು ಕೋಶಗಳಿವೆ. ಆರೋಗ್ಯದ ದಿನಗಳಲ್ಲಿ ಕಾವಲು ಕೋಶಗಳು ಎಳೆಎಳೆಯಾದ ಕೈಗಳನ್ನು ಚಾಚಿಕೊಂಡು ಬಿಡುವಾಗಿ ಕೂತಿರುತ್ತವೆ. ಕಾಯಿಲೆಯ ಸುಳಿವು ಸಿಕ್ಕ ಕೂಡಲೇ ಕೈಗಳನ್ನು ಒಳಗೆಳೆದುಕೊಂಡು ಉಬ್ಬುತ್ತವೆ, ಒಂದಿದ್ದದ್ದು ಹತ್ತಾಗುತ್ತದೆ. ಅಷ್ಟೊಂದು ರೊಚ್ಚಿಗೆದ್ದ ಮೇಲೆ ಅವು ಮಿದುಳನ್ನು ಕಾಯುತ್ತವೆಯೋ ಕೆಡಿಸುತ್ತವೆಯೋ ಎಂಬುದೇ ನಮ್ಮ ಪ್ರಶ್ನೆ. ನಮ್ಮ ವಿಭಾಗದ ಮುಖ್ಯಸ್ಥರು ಯಾವತ್ತೋ ತೀರ್ಮಾನಕ್ಕೆ ಬಂದುಬಿಟ್ಟಿದ್ದರು. “ಬೇಲಿಯೇ ಎದ್ದು ಹೊಲ ಮೇಯ್ತಿದೆ. ಬೇಲಿ ಕಿತ್ತು ನೋಡೋಣ” ಎಂದರು. ಬೇರಾವುದೋ ಗಡ್ಡೆಗೆಂದು ಆಗಲೇ ಅಂಗಡಿಯಲ್ಲಿ ಸಿಗುತ್ತಿದ್ದ ಒಂದು ಮಾತ್ರೆ ಈ ಕಾವಲು ಕೋಶಗಳ ಸಂಖ್ಯೆಯನ್ನು ಇಳಿಸುತ್ತಿತ್ತು. ಅದನ್ನೇ ಇಲಿಗಳ ಆಹಾರದಲ್ಲಿ ಬೆರೆಸಿದೆವು.

ಇಲಿಗಳ ಕೋಣೆಯಲ್ಲಿ ಪಂಜರಗಳ ಎರಡು ಸಾಲು. ಎಲ್ಲ ಇಲಿಗಳಿಗೂ ಕಾಯಿಲೆ ಹತ್ತಿಸಿದ್ದೆವು. ಒಂದು ಸಾಲಿಗೆ ಮದ್ದು ಬೆರೆತ ಆಹಾರ, ಇನ್ನೊಂದಕ್ಕೆ ಬರಿಯ ಆಹಾರ. ಯಾವ ಸಾಲಿಗೆ ಯಾವುದು ಎಂಬುದು ಮುಖ್ಯಸ್ಥರ ಕಪಾಟಿನೊಳಗಿನ ಗುಟ್ಟು. ಚೀಲಗಳು ಅದಲುಬದಲಾಗದಿರಲಿ ಎಂದು ಒಂದು ಬಗೆಯ ಆಹಾರವನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಇಡಿಸಿದ್ದೂ ಅವರೇ. ಎಡಸಾಲನ್ನು ನೋಡಿಕೊಳ್ಳುವವನು ಒಬ್ಬ, ಬಲಸಾಲನ್ನು ನೋಡಿಕೊಳ್ಳುವವಳು ಇನ್ನೊಬ್ಬಳು.

ಕಾಯಿಲೆ ಎಲ್ಲಿಗೆ ಬಂತು ಎಂದು ತಿಳಿಯಲು ನಮ್ಮಲ್ಲೊಂದು ಸುಲಭದ ಉಪಾಯವಿದೆ. ಸಂಜೆ ಪ್ರತಿ ಪಂಜರಕ್ಕೂ ಒತ್ತಿದ ಹತ್ತಿಯ ಒಂದು ಬಿಲ್ಲೆ ಹಾಕುತ್ತೇವೆ. ಆರೋಗ್ಯವಾದ ಇಲಿ ಬೆಳಗಾಗುವುದರೊಳಗೆ ಅದನ್ನು ಹಲ್ಲಿನಿಂದ ಕತ್ತರಿಸಿ ದುಂಡನೆಯ ಗೂಡು ಕಟ್ಟಿ ಒಳಗೆ ಮಲಗಿರುತ್ತದೆ. ಕಾಯಿಲೆಯ ಇಲಿ ಹತ್ತಿಯನ್ನು ಮುಟ್ಟುವುದಿಲ್ಲ. ನಡಿಗೆ ತಪ್ಪುವುದಕ್ಕೂ ಬಾಲ ಸೆಟೆಯುವುದಕ್ಕೂ ಎಷ್ಟೋ ಮೊದಲು ಗೂಡು ನಿಲ್ಲುತ್ತದೆ. ನಾನು ಬೆಳಿಗ್ಗೆ ಹೋಗಿ ಪಂಜರದ ಹೊರಗಿನಿಂದ ನೋಡಿ ಅಂಕ ಕೊಟ್ಟು ಬರುತ್ತಿದ್ದೆ. ಬಲಸಾಲಿನಲ್ಲಿ ಒಂದೊಂದೇ ಗೂಡು ನಿಂತಿತು. ಎಡಸಾಲಿನಲ್ಲಿ ಗೂಡುಗಳು ಹಾಗೇ ಇದ್ದವು, ದುಂಡಗೆ, ಬೆಚ್ಚಗೆ. ಯಾವ ಸಾಲಿಗೆ ಮದ್ದು ಹೋಗುತ್ತಿದೆ ಎಂದು ಊಹಿಸಲು ಪಂಡಿತರೇನೂ ಆಗಬೇಕಿರಲಿಲ್ಲ.

ಆ ವಾರ ಅಕ್ಕನ ಮನೆಗೆ ಹೋಗಿದ್ದೆ. ಭಾವ ಕುರ್ಚಿಯಲ್ಲಿ ಕೂತು ಒಂದು ಗುಂಡಿಯೊಂದಿಗೆ ಹೆಣಗಾಡುತ್ತಿದ್ದರು. ಅಕ್ಕ ಸಹಾಯಕ್ಕೆ ಹೋಗದೆ ಹಲ್ಲು ಕಚ್ಚಿ ನಿಂತಿದ್ದಳು.

“ನಿನ್ನ ಇಲಿಗಳು ಹೇಗಿವೆ?” ಎಂದಳು, ಬೇರೆ ಕಡೆ ನೋಡಲೆಂದೇ.

“ಒಂದು ಸಾಲಿನವು ಇನ್ನೂ ಗೂಡು ಕಟ್ತಿವೆ.”

ಇಷ್ಟೇ ನಾನು ಹೇಳಿದ್ದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಕ್ಕ ನಡೆಸುವುದು ಔಷಧಿ ಅಂಗಡಿ. ಅವಳಿಗೆ ಗೊತ್ತಿಲ್ಲದ ಮಾತ್ರೆಯಿಲ್ಲ. ಆ ಮಾತ್ರೆಯ ಹೆಸರನ್ನು ಯಾವಾಗಲೋ ನನ್ನ ಬಾಯಿಂದಲೇ ಹೊರಡಿಸಿ ಮನಸ್ಸಿನಲ್ಲಿಟ್ಟುಕೊಂಡಿದ್ದಳು. ಮಾರನೆಯ ದಿನವೇ ನರಗಳ ಡಾಕ್ಟರ ಮುಂದೆ ಹೋಗಿ ಕೂತಳು. ಅವರು ಒಳ್ಳೆಯವರು, ಸುಸ್ತಾದವರು. “ಮುಳುಗುವವನಿಗೆ ಹುಲ್ಲುಕಡ್ಡಿ. ಕಳ್ಕೊಳ್ಳೋಕೆ ಇನ್ನೇನಿದೆ? ಕೊಟ್ಟು ನೋಡೋಣ” ಎಂದು ಬರೆದುಕೊಟ್ಟರು.

ಬೇಡವೆಂದದ್ದು ಅಕ್ಕನ ಮಗಳೊಬ್ಬಳೇ. ಅವಳು ವಕೀಲಿಕೆ ಓದುತ್ತಿದ್ದಳು, ಊಟಕ್ಕೆ ಕೂತರೂ ಪಾಟೀಸವಾಲು. “ಅಮ್ಮಾ, ಇಲಿಗಳ ಮೇಲಿನ್ನೂ ಪೂರ್ತಿ ಆಗದೇ ಇರೋದನ್ನ ಅಪ್ಪನಿಗೆ ಯಾಕೆ ಕೊಡ್ತೀಯ? ಚಿಕ್ಕಮ್ಮ, ನೀನಾದ್ರೂ ಹೇಳು.”

ನಾನು ಏನೂ ಹೇಳಲಿಲ್ಲ. ಬೇರೆ ಯಾರ ಭಾವನಾಗಿದ್ದರೂ “ಕಾಯಿರಿ” ಎಂದಿರುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೂ ಆಸೆಯಿತ್ತು, ಬಹಳ ಆಸೆಯಿತ್ತು. ಮೊದಲ ಮಾತ್ರೆಯನ್ನು ಅಕ್ಕ ಅಂಗೈ ಮೇಲಿಟ್ಟಾಗ ಭಾವ ಅದನ್ನು ಹಿಡಿಯಲು ಎರಡು ಸಲ ಬೇರೆಲ್ಲೋ ಕೈಹಾಕಿ ಮೂರನೆಯ ಸಲ ಹಿಡಿದರು.

“ಏನಮ್ಮ ನಾದಿನಿ,” ಎಂದರು, ಒಂದೊಂದೇ ಮಾತನ್ನು ಹುಡುಕಿಕೊಂಡು, “ಕೊನೆಗೆ ನನ್ನೂ ಇಲಿ ಮಾಡ್ಬಿಟ್ಯಲ್ಲ. ಹತ್ತಿ ಎಲ್ಲಿ?”

ಅವರು ನನ್ನೊಡನೆ ಆಡಿದ ಕೊನೆಯ ತಮಾಷೆ ಅದು.

ಆಮೇಲಿನ ದಿನಗಳಲ್ಲಿ ಅಕ್ಕ ದಿನಾ ಫೋನ್ ಮಾಡುತ್ತಿದ್ದಳು. ಇವತ್ತು ಲೋಟ ಅವರೇ ಹಿಡಿದರು, ಇವತ್ತು ಹೆಸರು ಹಿಡಿದು ಕರೆದರು. ನಾಳೆ ಅದೇ ಲೋಟ ಬಿದ್ದರೆ ಅದನ್ನು ಹೇಳುತ್ತಿರಲಿಲ್ಲ. ಮಗಳು ಬೇರೆಯಾಗಿ ಫೋನ್ ಮಾಡಿ ಹೇಳುತ್ತಿದ್ದಳು. ಇಬ್ಬರ ಮಾತನ್ನೂ ಕೇಳಿ ನಾನು “ಹೂಂ” ಎನ್ನುತ್ತಿದ್ದೆ.

ಪ್ರಯೋಗದ ನಡುವಿನಲ್ಲಿ ಎರಡೂ ಸಾಲಿನಿಂದ ಕೆಲವು ಇಲಿಗಳನ್ನು ತೆಗೆದು ಮಿದುಳು ನೋಡುವುದೆಂದು ಮೊದಲೇ ನಿಗದಿಯಾಗಿತ್ತು. ಮಿದುಳಿನ ತೆಳು ಚೂರುಗಳನ್ನು ಅಂಟಿಸಿದ ಗಾಜುಗಳಲ್ಲಿ ಯಾವುದು ಯಾವ ಸಾಲಿನದೆಂದು ತಿಳಿಯದಂತೆ ಸಂಖ್ಯೆಗಳನ್ನಷ್ಟೇ ಬರೆದು ನನಗೆ ಕೊಟ್ಟರು. ನೋಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಗಾಜುಗಳು ತಾವಾಗಿಯೇ ಎರಡು ಗುಂಪಾದವು. ಒಂದು ಗುಂಪಿನಲ್ಲಿ ಕಾವಲು ಕೋಶಗಳು ಎಲ್ಲೆಲ್ಲೂ ಉಬ್ಬಿ ನಿಂತಿದ್ದವು. ತೂತುಗಳಿದ್ದವು, ಆದರೆ ನರಕೋಶಗಳು ಇನ್ನೂ ಸಾಲಾಗಿ ಉಳಿದಿದ್ದವು. ಇನ್ನೊಂದರಲ್ಲಿ ಕಾವಲು ಕೋಶಗಳನ್ನು ಹುಡುಕಬೇಕಾಗಿತ್ತು. ಕಾಯುವವರಿಲ್ಲದ ಅಲ್ಲಿ ಕೆಟ್ಟ ಪ್ರೋಟೀನು ಕಂದು ಬಣ್ಣದ ಗಸಿಯಾಗಿ ಕೂತಿತ್ತು. ತೂತುಗಳು ಒಂದಕ್ಕೊಂದು ಕೂಡಿಕೊಂಡಿದ್ದವು. ನಕ್ಷತ್ರಕೋಶಗಳು ದಪ್ಪಗಾಗಿ, ತಾವು ಉಣಿಸಬೇಕಾದ ನರಕೋಶಗಳು ಇದ್ದ ಜಾಗವನ್ನೇ ತುಂಬಿಕೊಂಡಿದ್ದವು. ಬೇಲಿ ಹೊಲ ಮೇಯುತ್ತಿರಲಿಲ್ಲ. ಅದು ಬೇಲಿಯೇ ಆಗಿತ್ತು.

ಗುಟ್ಟು ಬಿಚ್ಚಿದರು. ಕೆಟ್ಟ ಗುಂಪು ಮದ್ದು ತಿಂದ ಎಡಸಾಲಿನದು.

“ಸಾಧ್ಯವಿಲ್ಲ,” ಎಂದರು ಮುಖ್ಯಸ್ಥರು. “ಗೂಡು ಕಟ್ಟೋ ಇಲಿಯ ಮಿದುಳು ಇಷ್ಟು ಕೆಟ್ಟಿರಲ್ಲ. ಎಲ್ಲೋ ಚೀಟಿ ಅದಲುಬದಲಾಗಿದೆ. ಹೋಗಿ ನೋಡ್ಕೊಂಡು ಬನ್ನಿ.”

ಚೀಟಿ ಅದಲುಬದಲಾಗಿರಲಿ ಎಂದು ಹಾರೈಸುತ್ತಲೇ ಹೋದೆ. ನಿಲುವಂಗಿ, ಮುಖಗವಸು, ಒಂದರ ಮೇಲೊಂದು ಎರಡು ಕೈಗವಸು ಹಾಕಿಕೊಂಡು ಒಳಗೆ ಹೋಗಿ ಪಂಜರದ ಚೀಟಿಗಳನ್ನು ಒಂದೊಂದಾಗಿ ನೋಡಿದೆ. ಎಲ್ಲ ಸರಿಯಾಗಿದ್ದವು. ಕೊನೆಗೆ ಒಂದು ಪಂಜರದ ಮುಚ್ಚಳ ತೆಗೆದು, ಅಷ್ಟು ದಿನ ಹೊರಗಿನಿಂದಲೇ ಅಂಕ ಕೊಟ್ಟಿದ್ದ ಗೂಡನ್ನು ಚಿಮುಟದಿಂದ ಎತ್ತಿದೆ. ಇಲಿ ಕತ್ತರಿಸಿದ ಹತ್ತಿ ಪುಡಿಪುಡಿಯಾಗಿರುತ್ತದೆ, ಎತ್ತಿದರೆ ಉದುರುತ್ತದೆ. ಇದು ಉದುರಲಿಲ್ಲ. ಉದ್ದುದ್ದ ಎಳೆಗಳಾಗಿ, ಬೆರಳಿನಿಂದ ಹಿಂಜಿದಂತೆ ಜೋತುಬಿತ್ತು. ಪಕ್ಕದ ಪಂಜರದ್ದೂ ಹಾಗೇ. ಅದರ ಪಕ್ಕದ್ದಕ್ಕೆ ಮೇಲೊಂದು ಮಾಡು ಕೂಡ ಇತ್ತು. ಒಳಗಿದ್ದ ಇಲಿ ಬೆನ್ನು ಗೂನಾಗಿಸಿಕೊಂಡು ಹೊರಗೆ ಬರಲೂ ಮನಸ್ಸಿಲ್ಲದೆ ಕೂತಿತ್ತು.

ಅಷ್ಟರಲ್ಲಿ ಎಡಸಾಲನ್ನು ನೋಡಿಕೊಳ್ಳುವವನು ನೀರಿನ ಬಾಟಲಿಗಳ ಗಾಡಿ ತಳ್ಳಿಕೊಂಡು ಬಂದ. ಎಲ್ಲರೂ ಅವನನ್ನು ಇಲಿಯಣ್ಣ ಎನ್ನುತ್ತಿದ್ದರು. ಅದಕ್ಕೂ ಮೊದಲು ಅವನು ಮರಿ ಹಾಕಿಸುವ ಕೋಣೆಯಲ್ಲಿದ್ದವನು; ಈ ಪ್ರಯೋಗ ಶುರುವಾದಾಗ ಇಲ್ಲಿಗೆ ಹಾಕಿದ್ದರು.

“ಇಲಿಯಣ್ಣ, ಈ ಗೂಡು ಯಾರು ಕಟ್ಟಿದ್ದು?”

“ನಾನೇ ಮೇಡಂ,” ಎಂದ, ಹೊಗಳಿಕೆಗೆ ತಯಾರಾದವನ ಹಾಗೆ. “ಬೆಳಿಗ್ಗೆ ನೀವು ಬರೋ ಮೊದ್ಲೇ ಎಲ್ಲಾ ಸರಿ ಮಾಡಿಟ್ಟಿರ್ತೀನಿ.”

“ಯಾಕೆ?”

“ಯಾಕೆ ಅಂದ್ರೆ? ಮರಿ ಕೋಣೇಲಿ ಅದೇ ಅಲ್ವಾ ರೂಢಿ? ತಾಯಿ ಗೂಡು ಕಟ್ಟದಿದ್ರೆ ನಾವು ಕಟ್ಟಿಕೊಡ್ಬೇಕು. ಇಲ್ಲಾಂದ್ರೆ ಬೆಳಗಾಗೋದ್ರೊಳಗೆ ಮರಿಗಳು ತಣ್ಣಗಾಗಿರ್ತವೆ, ನಮ್ಮ ತಲೆ ಮೇಲೆ ಬರುತ್ತೆ. ಇಲ್ಲಿ ಬಂದು ನೋಡಿದ್ರೆ ಹತ್ತಿ ಹಾಕಿದ್ದು ಹಾಕಿದ ಹಾಗೇ ಇದೆ, ಇವು ಮುದುಡ್ಕೊಂಡು ಕೂತಿವೆ. ಪಾಪ ಅನ್ನಿಸ್ತು.”

“ಅವು ಕಟ್ತವೋ ಇಲ್ವೋ ಅಂತ ನೋಡೋಕೇ ನಾವು ಹತ್ತಿ ಹಾಕೋದು.”

ಅವನ ಮುಖದ ಕಳೆ ಇಳಿಯಿತು. “ಯಾರೂ ಹೇಳ್ಲಿಲ್ವಲ್ಲ ಮೇಡಂ.”

ಯಾರೂ ಹೇಳಿರಲಿಲ್ಲ. ಇಲಿಗಳನ್ನು ನೋಡಿಕೊಳ್ಳುವವರಿಗೆ ಪ್ರಯೋಗದ ಬಗ್ಗೆ ಏನೂ ಹೇಳಕೂಡದು ಎಂಬುದೇ ನಮ್ಮ ನಿಯಮ, ಹೇಳಿದರೆ ಪಕ್ಷಪಾತ ಬಂದೀತೆಂದು. “ಬಲಗಡೆಯವು ನನ್ನ ಪಾಲಿಗಿಲ್ಲ,” ಎಂದು ಸೇರಿಸಿದ, ಪಕ್ಷಪಾತ ತನ್ನದಲ್ಲ ಎಂಬಂತೆ, “ಇಲ್ದಿದ್ರೆ ಅವಕ್ಕೂ ಕಟ್ಟಿರ್ತಿದ್ದೆ.” ನನಗೆ ಮೈಯೆಲ್ಲ ಸಿಟ್ಟು ಬಂದಿತ್ತು, ಅವನ ಮೇಲೆ ಹಾಕಲು ಮಾತ್ರ ಆಗಲಿಲ್ಲ. ನೀರು ಹಾಕಿ ಎಂದು ಹೇಳಿ ಹೊರಗೆ ಬಂದೆ.

ಮುಖ್ಯಸ್ಥರು ಎಲ್ಲ ಕೇಳಿಸಿಕೊಂಡು ತಲೆಗೆ ಕೈ ಹಚ್ಚಿ ಕೂತರು. ಆಮೇಲೆ ಎಂದಿನಂತಾದರು. “ಇಡೀ ಪ್ರಯೋಗ ಮತ್ತೆ ಮಾಡೋಣ. ಒಂದೇ ಸಲದ ಗಾಜು ನೋಡಿ ಏನೂ ಹೇಳೋಕಾಗಲ್ಲ. ಅಲ್ಲಿವರೆಗೆ ಹೊರಗೆ ಯಾರಿಗೂ ಬಾಯಿ ಬಿಡಬೇಡಿ.” ಅವರು ಹೇಳಿದ್ದು ಸರಿ. ಮತ್ತೆ ಮಾಡಲು ಇಲಿಗಳಿಗೆ ಕಾಯಿಲೆ ಹತ್ತಿಸಬೇಕು, ಅದು ಬೆಳೆಯಲು ಬಿಡಬೇಕು, ಹೆಚ್ಚುಕಡಿಮೆ ಒಂದು ವರ್ಷದ ಮಾತು. ಭಾವನ ಹತ್ತಿರ ವರ್ಷವಿರಲಿಲ್ಲ, ಮುಂದಿನ ಮಾತ್ರೆ ಮಾತ್ರ ಇತ್ತು. ಮಧ್ಯಾಹ್ನದ ಬಸ್ಸು ಹತ್ತಿ ಅಕ್ಕನ ಅಂಗಡಿಗೆ ಹೋದೆ.

ಅಂಗಡಿಯ ಹಿಂದಿನ ಕೋಣೆಯಲ್ಲಿ, ಪೆಟ್ಟಿಗೆಗಳ ನಡುವೆ ಭಾವನಿಗೊಂದು ಒರಗು ಕುರ್ಚಿ ಹಾಕಿದ್ದಳು. ಮನೆಯಲ್ಲಿ ಒಬ್ಬರನ್ನೇ ಬಿಡುವ ಹಾಗಿರಲಿಲ್ಲ. ಅವರ ಕಣ್ಣು ತೆರೆದಿತ್ತು, ನನ್ನ ಮೇಲೆ ಬಂದು ಹಾಗೇ ಮುಂದಕ್ಕೆ ಹೋಯಿತು. ಆಗಾಗ ಭುಜ ಹೌಹಾರಿದಂತೆ ಅದುರುತ್ತಿತ್ತು. ಅಕ್ಕ ಗಿರಾಕಿಯೊಬ್ಬರಿಗೆ ಕೆಮ್ಮಿನ ಔಷಧಿ ಕೊಟ್ಟು, ಊಟದ ಮೊದಲೋ ನಂತರವೋ ಎಂದು ಎರಡೆರಡು ಸಲ ಹೇಳಿ ಕಳಿಸಿ, ನನ್ನ ಕಡೆ ತಿರುಗಿದಳು.

“ಕೆಲಸದ ದಿನ ಬಂದಿದ್ದೀಯ ಅಂದ್ರೆ ಏನೋ ಇದೆ. ಹೇಳು.”

“ಆ ಮಾತ್ರೆ ನಿಲ್ಲಿಸ್ಬಿಡು ಅಕ್ಕ. ಇವತ್ತಿಂದಲೇ.”

“ಯಾಕೆ?”

“ಮಿದುಳು ನೋಡಿದೆ. ಮಾತ್ರೆ ತಿಂದ ಇಲಿಗಳದ್ದೇ ಜಾಸ್ತಿ ಕೆಟ್ಟಿದೆ.”

“ಗೂಡು ಕಟ್ತಿವೆ ಅಂದಿದ್ಯಲ್ಲ?”

“ಅವು ಕಟ್ಟಿದ್ದಲ್ಲ. ನೋಡ್ಕೊಳ್ಳೋನು ಕಟ್ಟಿಕೊಟ್ಟಿದ್ದು. ಸುಮ್ನೆ ಕೂತಿರೋದು ನೋಡಿ ಪಾಪ ಅನ್ನಿಸ್ತಂತೆ.”

ಅಕ್ಕ ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. “ಅನ್ನಿಸದೆ ಏನು,” ಎಂದಳು ಮೆಲ್ಲಗೆ. ಒಳಗೆ ಹೋಗಿ ಭಾವನ ಪಕ್ಕದಿಂದ ಮಾತ್ರೆಯ ಡಬ್ಬಿ ತಂದಳು. ಅದನ್ನು ಮಾರಾಟಕ್ಕಿಟ್ಟವುಗಳ ಜೊತೆಗೂ ಇಡಲಾರದೆ, ಬಿಸಾಡಲೂ ಆರದೆ ಕೈಯಲ್ಲೇ ಹಿಡಿದುಕೊಂಡು ನಿಂತಳು. ಅಂಗಡಿಯ ಮುಂದೆ ಯಾರೋ ಬಂದು ನಿಂತು, ನಮ್ಮಿಬ್ಬರ ಮುಖ ನೋಡಿ, ಆಮೇಲೆ ಬರುತ್ತೇನೆ ಎಂದು ಹೋದರು.

“ದಿನಾ ಬೆಳಿಗ್ಗೆ ನಾನೇ ಬಾಯಿಗೆ ಹಾಕ್ತಿದ್ದೆ,” ಎಂದಳು. “ಉಗಿಯೋಕೆ ಬಂದ್ರು ಒಂದು ದಿನ. ಬಾಯಿ ಒತ್ತಿ ಹಿಡಿದು ನುಂಗಿಸಿದೆ. ಈಗ ಹೇಳು, ಇದರಿಂದ ಅವರಿಗೆ ಇನ್ನೂ ಬೇಗ ಆಯ್ತಾ?”

ಇಲಿಯ ಮಿದುಳಿನಿಂದ ಮನುಷ್ಯನ ದಿನಗಳನ್ನು ಲೆಕ್ಕ ಹಾಕುವ ದಾರಿ ಯಾರಿಗೂ ಗೊತ್ತಿಲ್ಲ. ಆದರೆ ನಾನು ನೋಡಿದ್ದು ನೋಡಿದ್ದೇ. ಮಾತು ಕಳೆದುಕೊಂಡದ್ದು, ಎದ್ದು ನಿಲ್ಲಲಾರದಾದದ್ದು ಎಲ್ಲವೂ ಆ ಮಾತ್ರೆ ಶುರುವಾದ ಮೇಲೆ ಇಳಿಜಾರಿನಲ್ಲಿ ಬಿಟ್ಟ ಕಾರಿನಂತೆ ನಡೆದಿತ್ತು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

“ಇಲ್ಲ,” ಎಂದೆ. “ಅದರಿಂದ ಅವರಿಗೆ ಏನೂ ಆಗಿಲ್ಲ.”

“ಒಂಚೂರೂ?”

“ಒಂಚೂರೂ ಇಲ್ಲ ಅಕ್ಕ. ಕೊಡದಿದ್ರೂ ಇವತ್ತು ಹೀಗೇ ಇರ್ತಿದ್ರು.”

ಅಕ್ಕ ಡಬ್ಬಿಯನ್ನು ಗಲ್ಲದ ಕೆಳಗೆ ಒತ್ತಿಕೊಂಡು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದಳು. ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳು. ನನ್ನ ಯಾವ ಮಾತಿಗೆ ಎಷ್ಟು ತೂಕ ಎಂದು ಅವಳಿಗೆ ತಿಳಿಯದೆ ಇರುವುದಿಲ್ಲ. ಕಣ್ಣು ತೆರೆದಾಗ ಅವಳ ಸ್ವರ ಗಿರಾಕಿಗಳಿಗೆ ಹೇಳುವಾಗಿನಷ್ಟೇ ಸ್ಪಷ್ಟವಾಗಿತ್ತು.

“ಸಂಜೆ ಮಗಳು ಬರ್ತಾಳೆ. ಅವಳೂ ಕೇಳ್ತಾಳೆ, ಹಿಂದೆ ಮುಂದೆ ಹತ್ತು ಪ್ರಶ್ನೆ ಹಾಕ್ತಾಳೆ. ನೀನು ಈಗ ಹೇಳಿದ್ಯಲ್ಲ, ಹೀಗೇ ಹೇಳು. ಒಂದು ಮಾತೂ ಬದಲಾಯಿಸ್ಬೇಡ.”

“ಹೇಳ್ತೀನಿ” ಎಂದೆ.